ಐದನೆಯ ಪದಾರ್ಥ

ಅತ್ತಿಗೆಯ ಪಾದದ ಮೇಲೆ ಡಾಕ್ಟರಮ್ಮ ಹೆಬ್ಬೆರಳನ್ನು ಒತ್ತಿ ತೆಗೆದರು. ಒತ್ತಿದ ಜಾಗದಲ್ಲಿ ಒಂದು ಗುಳಿ ಉಳಿಯಿತು. ಮೇಷ್ಟ್ರು ಆ ಗುಳಿಯನ್ನೇ ನೋಡುತ್ತ, ಅದು ಈಗ ತುಂಬಿಕೊಂಡೀತು, ಇನ್ನೊಂದು ಕ್ಷಣಕ್ಕೆ ತುಂಬಿಕೊಂಡೀತು ಎಂದು ಕಾಯುತ್ತಿದ್ದರು. ಕಾಯುವುದು ಅವರಿಗೆ ಹೊಸದಲ್ಲ. ಕಪ್ಪುಹಲಗೆಯ ಮೇಲೆ ಪ್ರಶ್ನೆ ಬರೆದು, ಕೈಕಟ್ಟಿ ನಿಂತು, ಮೂವತ್ತೆಂಟು ವರ್ಷ ಮಕ್ಕಳ ಉತ್ತರಕ್ಕಾಗಿ ಕಾದವರು ಅವರು. ಆದರೆ ಆಗೆಲ್ಲ ಉತ್ತರ ತಮಗೆ ಮೊದಲೇ ಗೊತ್ತಿದೆ ಎಂಬುದೊಂದು ನೆಮ್ಮದಿಯಾಗಿತ್ತು. ಈಗಲೂ ಉತ್ತರ ಗೊತ್ತಿತ್ತು, ನೆಮ್ಮದಿ ಮಾತ್ರ ಇರಲಿಲ್ಲ. ಅತ್ತಿಗೆ ಸೀರೆಯ ಅಂಚನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಬೇರೆ ಯಾರದೋ ಕಾಲನ್ನು ತೋರಿಸುತ್ತಿರುವವರಂತೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು. ತಮ್ಮ ಚಪ್ಪಲಿ ಕಾಲಿಗೆ ಹಿಡಿಸದೆ ಅವರು ಮಗನ ರಬ್ಬರ್ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಬಸ್ಸು ಇಳಿದು ಇಲ್ಲಿಯವರೆಗೆ ಆ ದೊಡ್ಡ ಚಪ್ಪಲಿ ಪಟಪಟನೆ ಸದ್ದು ಮಾಡಿದಾಗಲೆಲ್ಲ ಮೇಷ್ಟ್ರು ಎರಡು ಹೆಜ್ಜೆ ಮುಂದೆ ಹೋಗಿದ್ದರು. ಜೊತೆಗಿರುವವರು ತಾವಲ್ಲ ಎಂದು ದಾರಿಹೋಕರಿಗೆ ತೋರಿಸಿಕೊಳ್ಳಲೆಂದೇ ಹಾಗೆ ನಡೆದದ್ದೇ ಎಂದು ಈಗ ಅನಿಸಿತು.

"ಅಜ್ಜಿ, ಉಪ್ಪು ನಿಜವಾಗ್ಲೂ ಬಿಟ್ಟಿದ್ದೀರಾ?" ಡಾಕ್ಟರಮ್ಮ ಕೇಳಿದರು.

"ಬಿಟ್ಟು ಎರಡು ತಿಂಗಳಾಯ್ತಮ್ಮ. ಸಪ್ಪೆ ಉಂಡು ಉಂಡು ನನ್ನ ಮಾತೂ ಸಪ್ಪೆಯಾಗೋಗಿದೆ."

"ಅದೊಂದು ಮಾತ್ರ ಆಗಿಲ್ಲ ಡಾಕ್ಟ್ರೇ," ಎಂದಳು ಪಕ್ಕದಲ್ಲಿದ್ದ ಸೊಸೆ. "ಮಾತಿನ ಖಾರ ಹಾಗೇ ಇದೆ."

ಡಾಕ್ಟರಮ್ಮ ನಗಲಿಲ್ಲ. ಚೀಟಿಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು, "ಮಾತ್ರೆ ಎರಡು ಸಲ ಹೆಚ್ಚು ಮಾಡಿದ್ದೀನಿ. ಆದ್ರೂ ಬಿ.ಪಿ. ನೂರ ಎಂಬತ್ತರಿಂದ ಕೆಳಗಿಳೀತಿಲ್ಲ. ಕಾಲಲ್ಲಿ ನೀರು ತುಂಬ್ತಿದೆ. ರಕ್ತದಲ್ಲಿ ಪೊಟ್ಯಾಸಿಯಂ ಬೇರೆ ಕಡಿಮೆ, ಅದು ಮಾತ್ರೆಯಿಂದ ಇದ್ರೂ ಇರಬಹುದು. ನಾಟಿ ಔಷಧಿ ಏನಾದ್ರೂ ತಗೋತಿದ್ದೀರಾ? ಬೇರು, ಪುಡಿ, ಕಷಾಯ?" ಎಂದರು.

"ಔಷಧಿ ಯಾವುದೂ ಇಲ್ಲ. ನಮ್ಮ ಮೈದುನ ಮಾಡೋ ಕಷಾಯ ಒಂದೇ. ಅಜೀರ್ಣಕ್ಕೆ. ಅದು ಕುಡಿದ್ರೇನೇ ನನಗೆ ದಿನ ಶುರುವಾಗೋದು."

ಸೊಸೆ ಚೀಲದಿಂದ ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲಿದ್ದದ್ದು ಮೇಷ್ಟ್ರದೇ ಕೈಬರಹ; ಗುಂಡಗೆ, ತಲೆಕಟ್ಟು ಕೆಡದಂತೆ, ಮೂರನೆಯ ತರಗತಿಯ ಮಗುವೂ ಓದಬಲ್ಲಂತೆ ಬರೆದು ನಕಲು ತೆಗೆಸಿ ಅಂಟಿಸಿದ ಚೀಟಿ. ಡಾಕ್ಟರಮ್ಮ ಗಟ್ಟಿಯಾಗಿ ಓದಿದರು. "ಜೀರಿಗೆ, ಕೊತ್ತಂಬರಿ ಬೀಜ, ಸೋಂಪು, ಒಣಶುಂಠಿ. ಇಷ್ಟು ಬಿಟ್ಟು ಬೇರೇನನ್ನೂ ಬೆರೆಸಿಲ್ಲ." ಓದಿ, ತಲೆಯೆತ್ತಿ, ಮೇಷ್ಟ್ರ ಕಡೆ ಗೌರವದಿಂದ ನೋಡಿ, "ಇದ್ರಲ್ಲಿ ತೊಂದರೆ ಏನಿಲ್ಲ. ಹೀಗೆ ಏನೇನಿದೆ ಅಂತ ಬರೆದು ಕೊಡೋರು ಎಷ್ಟು ಜನ ಇದ್ದಾರೆ," ಎಂದರು.

ಆ ನೋಟ ತಮ್ಮ ಮೇಲಿದ್ದ ಅಷ್ಟೂ ಹೊತ್ತು ಮೇಷ್ಟ್ರು ಕನ್ನಡಕವನ್ನು ಪಂಚೆಯ ತುದಿಯಿಂದ ಒರೆಸಿದರು. ಹೇಳಬೇಕಾದದ್ದು ಒಂದೇ ಪದ, ಐದು ಅಕ್ಷರ. ಅತಿಮಧುರ. ಅದು ನಾಲಿಗೆಯ ಮೇಲೆ ಬಂದೂ ಇತ್ತು. ಬಂದದ್ದರ ರುಚಿ ಕೂಡ ತಿಳಿಯಿತು, ಸಕ್ಕರೆಯಂತಲ್ಲದ, ನುಂಗಿದ ಮೇಲೂ ಗಂಟಲಿನಲ್ಲಿ ಉಳಿಯುವ ಆ ಸಿಹಿ. ಗ್ರಂಧಿಗೆ ಅಂಗಡಿಯವನು ಆ ಒಣಗಿದ ಹಳದಿ ಬೇರನ್ನು ತಕ್ಕಡಿಯಿಂದ ಕಾಗದಕ್ಕೆ ಸುರಿಯುತ್ತ ಹೇಳಿದ್ದ ಮಾತೂ ಹಾಗೆಯೇ ಉಳಿದಿತ್ತು: "ಮೇಷ್ಟ್ರೇ, ಬಿ.ಪಿ. ಇರೋರಿಗೆ ಮಾತ್ರ ಇದನ್ನ ದಿನಾ ಕೊಡ್ಬೇಡಿ. ಮೈಯಲ್ಲಿ ನೀರು ಹಿಡಿಸುತ್ತೆ." ಅದಕ್ಕೆ ತಾವು, ಗೊತ್ತಿಲ್ಲದವನಿಗೆ ಹೇಳು ಎಂಬಂತೆ ನಕ್ಕು ತಲೆಯಾಡಿಸಿದ್ದು. ಕನ್ನಡಕ ಸ್ವಚ್ಛವಾಯಿತು. ಡಾಕ್ಟರಮ್ಮನ ನೋಟ ಅತ್ತಿಗೆಯ ಕಡೆ ಹೊರಳಿತ್ತು. ಅದರಲ್ಲಿದ್ದ ಗೌರವವೂ ಅಷ್ಟರೊಳಗೆ ಖರ್ಚಾಗಿತ್ತು.

"ಹಾಗಾದ್ರೆ ಉಪ್ಪೇ ಅಜ್ಜಿ. ಇನ್ನೇನೂ ಅಲ್ಲ. ನೀವು ನನಗೆ ನಿಜ ಹೇಳ್ತಿಲ್ಲ."

ಬಸ್ಸಿನಲ್ಲಿ ಅತ್ತಿಗೆಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸೊಸೆ ಅವರ ಪಕ್ಕ ಕುಳಿತು, ಎರಡು ನಿಲ್ದಾಣ ದಾಟಿದ ಮೇಲೆ ಉಪ್ಪಿನಕಾಯಿಯ ಭರಣಿಯ ಬಗ್ಗೆ ಕೇಳಿದಳು. ಕಳೆದ ವಾರ ಅದು ಕುತ್ತಿಗೆಯವರೆಗೆ ಇತ್ತು, ಈಗ ಎರಡು ಬೆರಳು ಇಳಿದಿದೆ. ಅತ್ತಿಗೆ, "ಮನೇಲಿ ನಾಲಿಗೆ ಇರೋದು ನನಗೊಬ್ಬಳಿಗೇನಾ?" ಎಂದರು. ಸೊಸೆ ಕೆಟ್ಟವಳಲ್ಲ. ವಾರಕ್ಕೊಮ್ಮೆ ಕೆಲಸಕ್ಕೆ ರಜೆ ಹಾಕಿ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವವಳು, ರಾತ್ರಿ ಕಾಲಿಗೆ ದಿಂಬು ಕೊಡುವವಳು. ಹೆದರಿಕೆ ಅವಳ ಬಾಯಲ್ಲಿ ಗದರಿಕೆಯಾಗುತ್ತಿತ್ತು, ಅಷ್ಟೇ. ಮೇಷ್ಟ್ರು ಅವರ ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದು ಕುಳಿತು, ಅತ್ತಿಗೆಯ ಕುತ್ತಿಗೆಯ ಮೇಲಿನ ಬಿಳಿಯ ಗಂಟನ್ನು ನೋಡುತ್ತಿದ್ದರು. ಇದೇ ಗಂಟು ಕಪ್ಪಾಗಿ, ಮುಷ್ಟಿಯಷ್ಟು ದಪ್ಪಗಿದ್ದ ಕಾಲದಲ್ಲಿ, ತಾಯಿ ಸತ್ತ ಒಂಬತ್ತು ವರ್ಷದ ಹುಡುಗ ಹೊಸದಾಗಿ ಬಂದ ಅತ್ತಿಗೆಯ ಬೆನ್ನ ಹಿಂದೆ ನಿಂತು, ತಿರುಗಿ ನೋಡಿಯಾಳೇ ಎಂದು ಒಲೆಯ ಮುಂದೆ ಕಾಯುತ್ತಿದ್ದ. ತಿರುಗದೆಯೇ ಅತ್ತಿಗೆ ತಟ್ಟೆಯನ್ನು ಹಿಂದಕ್ಕೆ ಚಾಚುತ್ತಿದ್ದರು. ಹಸಿದಿದ್ದೇನೆಂದು ಅವನು ಒಮ್ಮೆಯೂ ಬಾಯಿಬಿಟ್ಟು ಕೇಳಬೇಕಾಗಿ ಬರಲಿಲ್ಲ. ಅರವತ್ತು ವರ್ಷ ಆ ಕೈಯ ಅಡುಗೆ ಉಂಡವರು, ಮದುವೆಯ ಗೋಜಿಗೇ ಹೋಗದೆ ಮಹಡಿಯ ಕೋಣೆಯಲ್ಲಿ ಪುಸ್ತಕಗಳ ಜೊತೆ ಉಳಿದುಬಿಟ್ಟವರು, ನಿವೃತ್ತಿಯ ಮೇಲೆ ಅದೇ ಅಡುಗೆಮನೆಯ ಒಂದು ಮೂಲೆಯಲ್ಲಿ ತಮ್ಮದೂ ಒಂದು ಬಾಣಲೆ ಇಟ್ಟುಕೊಂಡಾಗ ಅತ್ತಿಗೆ, "ಪಾಠ ಮಾಡಿದ್ದು ಸಾಲದೂಂತ ಈಗ ಪಾಕಕ್ಕೆ ಇಳಿದ್ಯಾ ಮರಿ?" ಎಂದು ಕೇಳಿದ್ದರು.

ಕಷಾಯದ ಕೆಲಸವನ್ನು ಮೇಷ್ಟ್ರು ಪಾಠದಷ್ಟೇ ಶಿಸ್ತಿನಿಂದ ನಡೆಸಿದ್ದರು. ಕೊತ್ತಂಬರಿ ಬೀಜವನ್ನು ಮೊರದಲ್ಲಿ ಕೇರಿ, ಕಡ್ಡಿ ಕಲ್ಲು ಆರಿಸಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಬಣ್ಣ ತಿರುಗುವ ಮೊದಲೇ ಘಮ ಬರುತ್ತದೆ, ಆಗಲೇ ಇಳಿಸಬೇಕು, ಕಣ್ಣನ್ನು ನಂಬಿದವನ ಕಷಾಯ ಸೀದುಹೋಗುತ್ತದೆ. ಜೀರಿಗೆಯನ್ನು ಬೇರೆಯಾಗಿ, ಸೋಂಪನ್ನು ಬಿಸಿ ಬಾಣಲೆಯಲ್ಲಿ ಸುಮ್ಮನೆ ಹೊರಳಿಸಿ ಮಾತ್ರ. ಒಣಶುಂಠಿಯನ್ನು ಕುಟ್ಟಿ, ನಾರು ಹೋಗುವಂತೆ ಎರಡು ಸಲ ಜರಡಿ ಹಿಡಿಯಬೇಕು. ವಾಚನಾಲಯದ ಹಿಂದಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಇದನ್ನೆಲ್ಲ ಹತ್ತಾರು ಜನಕ್ಕೆ ಹೇಳಿಕೊಟ್ಟು, ಕೊನೆಯಲ್ಲಿ ಪೊಟ್ಟಣಗಳನ್ನು ಸುಮ್ಮನೆ ಹಂಚುತ್ತಿದ್ದರು. ಪೇಟೆಯ ಪುಡಿಗಳಲ್ಲಿ ಏನೇನು ಸೇರಿಸುತ್ತಾರೆಂಬುದನ್ನು ಹೇಳುವಾಗ ಅವರ ಧ್ವನಿ ಏರುತ್ತಿತ್ತು. ತಿನ್ನುವವನಿಗೆ ತಿಳಿಸದೆ ತಿನ್ನಿಸುವುದು ಕಳ್ಳತನಕ್ಕಿಂತ ಹೀನ, ಕಳ್ಳ ನಮ್ಮ ಪೆಟ್ಟಿಗೆಗೆ ಮಾತ್ರ ಕೈಹಾಕುತ್ತಾನೆ, ಇವನು ಕರುಳಿಗೇ ಕೈಹಾಕುತ್ತಾನೆ ಎಂದು ಹೇಳಿ, ಎಲ್ಲರೂ ತಲೆದೂಗುವವರೆಗೆ ಸುಮ್ಮನಿರುತ್ತಿದ್ದರು. ಆದರೆ ಜನ ತಲೆದೂಗಿದಷ್ಟು ಸುಲಭವಾಗಿ ಲೋಟ ಖಾಲಿ ಮಾಡುತ್ತಿರಲಿಲ್ಲ. ನಿವೃತ್ತ ಪೋಸ್ಟ್‌ಮಾಸ್ಟರರು ಎರಡು ಗುಟುಕು ಕುಡಿದು, "ಒಳ್ಳೇದು ಅಂತ ಗೊತ್ತಾಗುತ್ತೆ ಬಿಡಿ, ರುಚಿ ನೋಡಿದ ಕೂಡಲೇ," ಎಂದು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು, ಮನೆಗೆ ಬಂದು ಊಟ ಮಾಡಲಿಲ್ಲ. ಮನೆಯಲ್ಲೂ ಅತ್ತಿಗೆ ಅರ್ಧ ಲೋಟವನ್ನು ಹಿತ್ತಲ ಗಿಡಕ್ಕೆ ಸುರಿಯುವುದನ್ನು ಅವರು ಮಹಡಿಯಿಂದ ನೋಡಿದ್ದರು.

ಆಮೇಲೆ ಆ ಬೇರು ಬಂತು, ಮನೆಯ ಡಬ್ಬಿಗೂ ಹಂಚುವ ಪೊಟ್ಟಣಗಳಿಗೂ. ಒಂದು ಹಿಡಿ ಪುಡಿಗೆ ಎರಡು ಚಮಚ, ಬರಬರುತ್ತ ನಾಲ್ಕು. ಮೊದಲ ದಿನ ಅತ್ತಿಗೆ ಲೋಟವನ್ನು ತಳದವರೆಗೆ ಕುಡಿದು, ತುಟಿ ಒರೆಸಿಕೊಂಡು, "ಏನು ಹಾಕಿದೆಯೋ ಇವತ್ತು?" ಎಂದು ಕೇಳಿದರು. ಆಗಲೇ ಹೇಳಬಹುದಿತ್ತು. ಬಾಯಿ ತೆರೆದದ್ದೂ ನಿಜ. "ಏನಿಲ್ಲ ಅತ್ತಿಗೆ, ಅದೇ ನಾಲ್ಕು," ಎಂದರು. "ಹಾಗಾದ್ರೆ ನಿನ್ನ ಕೈಗುಣ ಕಣೋ ಮರಿ. ನಿನಗೂ ಕೈಗುಣ ಬಂತು," ಎಂದರು ಅತ್ತಿಗೆ. ಅಡುಗೆಯ ಬಗ್ಗೆ ಯಾರನ್ನೂ ಹೊಗಳದ ಅತ್ತಿಗೆ. ಆ ಮಾತನ್ನು ಮೇಷ್ಟ್ರು ಮಹಡಿಯ ಕೋಣೆಗೆ ಒಯ್ದು, ಬಾಗಿಲು ಹಾಕಿಕೊಂಡು, ಬಹುಮಾನದ ಪುಸ್ತಕದಂತೆ ಮತ್ತೆ ಮತ್ತೆ ತೆರೆದು ನೋಡಿದ್ದರು. ದಿನಕ್ಕೆ ಒಂದು ಲೋಟ ಮೂರಾಯಿತು. ಬೇಡ, ಹೆಚ್ಚಾಯಿತು ಎಂದು ಅವರೇನೂ ತಡೆಯಲಿಲ್ಲ. ಪಾದ ಊದಿಕೊಳ್ಳತೊಡಗಿದಾಗ ಗ್ರಂಧಿಗೆ ಅಂಗಡಿಯವನ ಮಾತು ಒಂದೆರಡು ಸಲ ತಲೆಯೆತ್ತಿತು. ವಯಸ್ಸಾಯಿತಲ್ಲ, ಕೂತು ಕೂತು ಹಾಗಾಗಿರಬಹುದು ಎಂದು ಅದನ್ನು ತಾವೇ ಕೂರಿಸಿದರು. ಚೀಟಿಯನ್ನು ತಿದ್ದಿಸಬೇಕು, ಮೊದಲು ತೆಗೆಸಿದ ನಕಲುಗಳು ಮುಗಿಯಲಿ, ಎಂದುಕೊಂಡಿದ್ದರು. ನಕಲುಗಳು ಮುಗಿದವು. ಅದೇ ಚೀಟಿಗೆ ಮತ್ತೆ ನಕಲು ತೆಗೆಸಿದರು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಸೊಸೆ ಬಡಿಸಿ, ತಾನೂ ಕುಳಿತು, ತುತ್ತು ಎತ್ತಲಿಲ್ಲ. ಉಪ್ಪಿನ ಡಬ್ಬಿಯನ್ನೂ ಉಪ್ಪಿನಕಾಯಿಯ ಭರಣಿಯನ್ನೂ ಅವಳು ಆಗಲೇ ಸ್ಟೂಲು ಹತ್ತಿ ಅಟ್ಟದ ಮೇಲೆ ಇಟ್ಟಿದ್ದಳು. ಅತ್ತಿಗೆ ಅದನ್ನು ನೋಡಿಯೂ ನೋಡದಂತೆ ಇದ್ದರು. ಅಡುಗೆಮನೆಗೆ ಬಂದ ದಿನದಿಂದ ಉಪ್ಪಿನ ಕೈ ಅವರದೇ ಆಗಿತ್ತು.

"ಬಯ್ಯೋಕಲ್ಲ ಅತ್ತೆ. ಒಂದು ಸಲ ನಿಜ ಹೇಳಿಬಿಡಿ. ಎಷ್ಟು ತಿಂತಿದ್ರಿ ಅಂತ ಗೊತ್ತಾದ್ರೆ ಡಾಕ್ಟ್ರು ಮಾತ್ರೆ ಸರಿ ಮಾಡ್ತಾರೆ. ಇಲ್ಲಾಂದ್ರೆ ಇನ್ನೂ ಜಾಸ್ತಿ ಕೊಡ್ತಾರೆ."

"ತಿಂದಿಲ್ಲ ಅಂದ್ನಲ್ಲಮ್ಮ."

"ಮತ್ತೆ ಕಾಲು ಸುಮ್ಮಸುಮ್ಮನೆ ಊದುತ್ತಾ? ಚಿಕ್ಕಮಾವ, ನೀವಾದ್ರೂ ಹೇಳಿ. ನಿಮ್ಮ ಮಾತು ಕೇಳ್ತಾರೆ."

ಇಬ್ಬರೂ ಮೇಷ್ಟ್ರ ಮುಖ ನೋಡಿದರು. ಅವರು ಹೇಳುವುದು ಈಗಲೇ, ಇನ್ನು ತಡಮಾಡಬಾರದು ಎಂದು ಗಂಟಲು ಸರಿಮಾಡಿಕೊಂಡರು. ಗಂಟಲು ಸರಿಯಾದೊಡನೆ ಅದರೊಳಗಿಂದ ಹೊರಟದ್ದು ಬೇರೆಯೇ ಒಂದು ಧ್ವನಿ, ಮೂವತ್ತೆಂಟು ವರ್ಷದ ಅಭ್ಯಾಸದಿಂದ ತಾನಾಗಿಯೇ ನಡೆಯಬಲ್ಲ ಧ್ವನಿ. "ಅತ್ತಿಗೆ, ತಪ್ಪು ಮಾಡೋದು ಮನುಷ್ಯ ಸಹಜ. ಒಪ್ಪಿಕೊಳ್ಳೋದರಲ್ಲಿ ಸಣ್ಣತನ ಏನೂ ಇಲ್ಲ. ನಾಲಿಗೆ ಕೇಳ್ತು, ಒಂದಿಷ್ಟು ತಿಂದ್ರಿ, ಇರಬಹುದು. ಆದ್ರೆ ಮುಚ್ಚಿಟ್ಟಾಗ ಅದರ ಫಲ ಪಕ್ಕದಲ್ಲಿರೋರು ಅನುಭವಿಸಬೇಕಾಗುತ್ತೆ." ವಾಕ್ಯಗಳು ಕ್ರಮವಾಗಿ, ಒಂದೂ ತಪ್ಪಿಲ್ಲದೆ ಬಂದವು. ಯಾವನೋ ಅಯೋಗ್ಯನ ಭಾಷಣವನ್ನು ದೂರದಿಂದ ಕೇಳುವಂತೆ ಮೇಷ್ಟ್ರು ಕೇಳಿಸಿಕೊಂಡರು. ಪ್ರತಿಯೊಂದು ಮಾತೂ ನಿಜವಾಗಿತ್ತು, ಹೇಳಬೇಕಾದವರಿಗೆ ಮಾತ್ರ ಹೇಳುತ್ತಿರಲಿಲ್ಲ. ಆರನೆಯ ತರಗತಿಯ ಕೋಣೆ ನೆನಪಾಯಿತು, ಕಂಪಾಸ್ ಪೆಟ್ಟಿಗೆ ಕಳೆದ ದಿನ. ತೆಗೆದವರು ಒಪ್ಪಿಕೊಳ್ಳುವವರೆಗೆ ಇಡೀ ತರಗತಿ ನಿಂತಿರಬೇಕೆಂದು ಅವರು ಅಪ್ಪಣೆ ಕೊಟ್ಟಿದ್ದರು. ಎರಡನೆಯ ಗಂಟೆಯೂ ಹೊಡೆದ ಮೇಲೆ, ಮೂರನೆಯ ಬೆಂಚಿನ ಹುಡುಗಿಯೊಬ್ಬಳು, ಎರಡು ಜಡೆ, ಒಂದರ ರಿಬ್ಬನ್ ಬಿಚ್ಚಿಹೋಗಿತ್ತು, "ನಾನೇ ಸಾರ್," ಎಂದಳು. ಸತ್ಯ ಹೇಳಿದ್ದಕ್ಕೆ ಅವಳಿಗೆ ಹೊಡೆಯದೆ ಬಿಟ್ಟಿದ್ದನ್ನು ಅವರು ಎಷ್ಟೋ ವರ್ಷ ಉಳಿದ ಮಕ್ಕಳಿಗೆ ಕಥೆಯಂತೆ ಹೇಳಿದರು. ಮುಂದಿನ ವರ್ಷ ಬೀರುವಿನ ಹಿಂದೆ ಆ ಪೆಟ್ಟಿಗೆ ಧೂಳಿನಲ್ಲಿ ಸಿಕ್ಕಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹುಡುಗಿ ಅಷ್ಟರಲ್ಲಿ ಶಾಲೆ ಬಿಟ್ಟಿದ್ದಳು.

ಅತ್ತಿಗೆ ಅವರ ಭಾಷಣ ಮುಗಿಯುವವರೆಗೆ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದರು. ಆಮೇಲೆ ತಲೆ ಎತ್ತದೆ ಹೇಳಿದರು.

"ಸರಿ ಬಿಡಿ. ತಿಂದೆ."

"ಏನು ತಿಂದ್ರಿ ಅತ್ತೆ?"

"ಉಪ್ಪಿನಕಾಯಿ. ದಿನಾ ಒಂದು ಹೋಳು."

"ನೋಡಿದ್ರಾ," ಎಂದು ಸೊಸೆ ಉಸಿರು ಬಿಟ್ಟಳು. ಅವಳ ಕಣ್ಣಲ್ಲಿ ನೀರು ಬಂತು. ಗೆದ್ದದ್ದಕ್ಕಲ್ಲ, ಕಾರಣ ಸಿಕ್ಕಿತಲ್ಲ ಎಂದು. "ಇನ್ನು ಎಲ್ಲಾ ಸರಿಹೋಗುತ್ತೆ." ಅವಳು ಉಣ್ಣತೊಡಗಿದಳು. ಅತ್ತಿಗೆಯೂ ಉಂಡರು. ಮೇಷ್ಟ್ರು ತುತ್ತನ್ನು ಕೈಯಲ್ಲಿ ಹಿಡಿದು, ತಾವು ಕೇಳಿದ ಧ್ವನಿ ಆ ಎರಡು ಜಡೆಯ ಹುಡುಗಿಯದೇ ಎಂದು ಗುರುತಿಸಿದರು. ಅದರಲ್ಲಿ ಪಶ್ಚಾತ್ತಾಪವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬೇಸರವಿತ್ತು. ದೊಡ್ಡವರ ಬಗ್ಗೆ ಒಂದು ಬಗೆಯ ಬೇಸರ.

ಊಟವಾದ ಮೇಲೆ ಕಷಾಯ ಮಾಡುವುದು ದಿನದ ಕ್ರಮ. ಮೇಷ್ಟ್ರು ಒಲೆ ಹಚ್ಚಿ, ನೀರಿಟ್ಟು, ಕಪಾಟು ತೆರೆದರು. ನಾಲ್ಕು ಪುಡಿಗಳಿದ್ದ ಹಳೆಯ ಡಬ್ಬಿ ಕಪಾಟಿನ ಹಿಂದೆ ಇತ್ತು. ಐದನ್ನು ಬೆರೆಸಿದ್ದು ಕೈಗೆ ಸಿಗುವಂತೆ ಮುಂದೆ. ಕೈ ಹಿಂದಿನದಕ್ಕೆ ಹೋಯಿತು. ಹೋದ ಕ್ಷಣದಲ್ಲಿ ಅವರಿಗೆ ಎಲ್ಲವೂ ಸ್ಪಷ್ಟವಾಗಿ, ಬಿಡಿಸಿದ ಲೆಕ್ಕದಂತೆ ಕಂಡಿತು. ಇವತ್ತಿನಿಂದ ಬೇರು ಹಾಕದಿದ್ದರೆ ಸಾಕು. ಕೆಲವು ದಿನಗಳಲ್ಲಿ ಊತ ಇಳಿಯುತ್ತದೆ, ರಕ್ತದ ಒತ್ತಡ ಇಳಿಯುತ್ತದೆ. ಉಪ್ಪಿನಕಾಯಿ ಅಟ್ಟ ಸೇರಿದ್ದರಿಂದಲೇ ಇಳಿಯಿತು ಎಂದು ಸೊಸೆ ಹೇಳುತ್ತಾಳೆ, ಡಾಕ್ಟರಮ್ಮ ಹೇಳುತ್ತಾರೆ, ವಾಚನಾಲಯದವರೆಗೂ ಸುದ್ದಿ ಹೋಗುತ್ತದೆ. ಅತ್ತಿಗೆ ಗುಣವಾಗುವುದೇ ಅತ್ತಿಗೆಯ ಸುಳ್ಳಿಗೆ ಸಾಕ್ಷಿಯಾಗುತ್ತದೆ. ಗುಣವಾದಷ್ಟೂ ಅವರು ಮನೆಯವರ ಕಣ್ಣಿನಲ್ಲಿ ಕದ್ದು ತಿಂದವರಾಗುತ್ತಾರೆ. ತಾವು ಏನೂ ಮಾಡಬೇಕಾಗಿಲ್ಲ. ಒಂದು ಡಬ್ಬಿಯ ಬದಲು ಇನ್ನೊಂದು ಡಬ್ಬಿ ತೆಗೆದರೆ ಆಯಿತು. ಇಷ್ಟು ಅಚ್ಚುಕಟ್ಟಾದ ನೀಚತನ ತಮ್ಮ ತಲೆಗೆ ಇಷ್ಟು ಸುಲಭವಾಗಿ ಹೊಳೆದದ್ದು ಅವರಿಗೆ ಕೆಂಡ ಮುಟ್ಟಿದಂತಾಯಿತು. ಆದರೂ ನೀರು ಕುದಿಯಿತು, ಪುಡಿ ಬಿದ್ದಿತು, ಅರ್ಧಕ್ಕೆ ಇಳಿಯಿತು, ಅವರು ಸೋಸಿ ಲೋಟವನ್ನು ಹಿತ್ತಲಿಗೆ ತಂದರು. ಅತ್ತಿಗೆ ಮೆಟ್ಟಿಲಿನ ಮೇಲೆ ಕಾಲು ನೀಡಿ ಕುಳಿತಿದ್ದರು. ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟರು.

"ಹಳೇದು," ಎಂದರು.

"ಯಾವುದು ಅತ್ತಿಗೆ?"

"ಮೊದಲು ಮಾಡ್ತಿದ್ಯಲ್ಲ, ಅದು. ಅರವತ್ತು ವರ್ಷ ಒಲೆ ಮುಂದೆ ನಿಂತವಳಿಗೆ ಇಷ್ಟೂ ಗೊತ್ತಾಗಲ್ವಾ? ಬಿಡು. ಇಷ್ಟು ದಿನ ಅದರಲ್ಲಿ ಏನೋ ಇತ್ತು, ಇವತ್ತು ಅದಿಲ್ಲ." ಅವರ ದನಿಯಲ್ಲಿ ಆರೋಪ ಇರಲಿಲ್ಲ. ಅಡುಗೆಯವಳು ಇನ್ನೊಬ್ಬ ಅಡುಗೆಯವನಿಗೆ ಹೇಳುವ ಮಾತು ಅದು. ಆ ಸಮಾನತೆಯನ್ನೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

ಅವರು ಮೆಟ್ಟಿಲಿನ ಕೆಳಗೆ, ಅತ್ತಿಗೆಯ ಊದಿದ ಪಾದದ ಮಟ್ಟಕ್ಕೆ ಕುಳಿತು ಹೇಳಿದರು. ಬೇರಿನ ಹೆಸರು, ಎಷ್ಟು ಚಮಚ, ಎಂದಿನಿಂದ, ಅಂಗಡಿಯವನು ಏನು ಹೇಳಿದ್ದ. ವಾಕ್ಯಗಳು ಈ ಸಲ ಕ್ರಮವಾಗಿ ಬರಲಿಲ್ಲ. ಅಂಗಡಿಯವನ ಮಾತು ಎರಡು ಸಲ ಬಂತು, ಆಸ್ಪತ್ರೆಯ ಮಾತು ಅರ್ಧಕ್ಕೆ ನಿಂತಿತು. ಅತ್ತಿಗೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

"ಬೇರು ಹಾಕಿದ್ದು ಹೋಗಲಿ. ರುಚಿಯಾಗಲಿ ಅಂತ ಹಾಕಿದೆ. ಆಗ ಅಲ್ಲಿ ಕೂತು ಬುದ್ಧಿ ಹೇಳಿದೆಯಲ್ಲೋ ಮರಿ ನನಗೆ."

ಮೇಷ್ಟ್ರು ಕೆಳಗಿದ್ದ ಲೋಟವನ್ನು ಎತ್ತಿಕೊಂಡರು.

"ಅವಳಿಗೇನೂ ಹೇಳ್ಬೇಡ," ಎಂದರು ಅತ್ತಿಗೆ. "ನಿನ್ನನ್ನ ಏನೋ ದೊಡ್ಡೋನು ಅಂತ ತಿಳ್ಕೊಂಡಿದ್ದಾಳೆ. ನನ್ನದು ಹೇಗೂ ಆಗಿಹೋಯ್ತು."

ಅವರ ಪಾಲಿಗೆ ಚಾಚಿದ ತಟ್ಟೆ ಅದು, ತಿರುಗಿ ನೋಡದೆಯೇ ಕೊಟ್ಟದ್ದು. ತೆಗೆದುಕೊಳ್ಳುವ ಆಸೆ ಎಷ್ಟು ಬಲವಾಗಿತ್ತೆಂದರೆ, ಎದ್ದು ಒಳಗೆ ಹೋಗುವಾಗಲೂ ಅವರಿಗೆ ತಾವು ಅಡುಗೆಮನೆಗೆ ಹೋಗುತ್ತಿದ್ದೇವೆಯೇ, ಮಹಡಿಗೆ ಹೋಗುತ್ತಿದ್ದೇವೆಯೇ ಎಂಬುದು ಖಚಿತವಿರಲಿಲ್ಲ. ಸೊಸೆ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯ ಸದ್ದಿನ ಮೇಲೆ ಅವರು ಹೇಳಿದ ಮೊದಲ ಮಾತು ಅವಳಿಗೆ ಕೇಳಿಸಲಿಲ್ಲ. ಅವಳು ನಲ್ಲಿ ನಿಲ್ಲಿಸಿ, "ಏನಂದ್ರಿ ಚಿಕ್ಕಮಾವ?" ಎಂದಳು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು.

"ಅತ್ತಿಗೆ ಉಪ್ಪಿನಕಾಯಿ ತಿಂದಿಲ್ಲ. ಅವರ ಕಾಲು ಊದಿದ್ದು ನನ್ನ ಕಷಾಯದಿಂದ."

ಅವಳು ಒದ್ದೆ ಕೈಯಲ್ಲೇ ನಿಂತು ಪೂರ್ತಿ ಕೇಳಿದಳು. ಅತ್ತಿಗೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಿದ್ದರು. ಸೊಸೆಯ ಮುಖ ಬದಲಾಗುವುದನ್ನು ನೋಡಿ ಅವರು ನಡುವೆ ಬಾಯಿ ಹಾಕಿದರು. "ಪಾಪ, ಅವನಿಗೆ ಗೊತ್ತಿರಲಿಲ್ಲಮ್ಮ. ಆ ಬೇರು ಹಾಗೆ ಮಾಡುತ್ತೆ ಅಂತ ಯಾರಿಗೆ ತಾನೇ ಗೊತ್ತಿರುತ್ತೆ."

"ಹೌದಲ್ವಾ ಚಿಕ್ಕಮಾವ," ಎಂದಳು ಸೊಸೆ. ಅವಳಿಗೂ ಅದು ಹಾಗೆಯೇ ಇರಲಿ ಎಂದಿತ್ತು; ಹಿರಿಯರೊಬ್ಬರು ತನ್ನ ಮುಂದೆ ತಲೆ ತಗ್ಗಿಸಿ ನಿಂತಿರುವುದನ್ನು ಅವಳೂ ಸಹಿಸಲಾರಳು. "ಗೊತ್ತಿಲ್ಲದೆ ಆಗಿದ್ದು."

"ಗೊತ್ತಿತ್ತು," ಎಂದರು ಮೇಷ್ಟ್ರು. "ಆಸ್ಪತ್ರೇಲಿ ಚೀಟಿ ಓದಿದಾಗ್ಲೂ ಗೊತ್ತಿತ್ತು. ಊಟಕ್ಕೆ ಕೂತಾಗ್ಲೂ ಗೊತ್ತಿತ್ತು."

ಸೊಸೆ ಕೈ ಒರೆಸಿಕೊಂಡು ಫೋನು ತೆಗೆದಳು. ಡಾಕ್ಟರಮ್ಮನಿಗೆ ವಿಷಯ ಹೇಳಿ, ಅವರು ಬೇರಿನ ಹೆಸರು ಕೇಳಿದಾಗ ಫೋನನ್ನು ಮೇಷ್ಟ್ರ ಕಿವಿಯ ಹತ್ತಿರ ಹಿಡಿದಳು. ಅವರ ಕೈಗೆ ಕೊಡಲಿಲ್ಲ. ಅವರು ಹೆಸರು ಹೇಳಿದರು. ಈಗಲೇ ನಿಲ್ಲಿಸಿ, ಮಾತ್ರೆ ಹಾಗೇ ಇರಲಿ, ಸಂಜೆ ಅಜ್ಜಿಯನ್ನ ರಕ್ತ ಪರೀಕ್ಷೆಗೆ ಕರೆದುಕೊಂಡು ಬನ್ನಿ, ಬೇರೆ ಯಾರ್ಯಾರಿಗೆ ಕೊಟ್ಟಿದ್ದೀರೋ ಅವರಿಗೆಲ್ಲ ಇವತ್ತೇ ಹೇಳಿ, ಎಂದು ಡಾಕ್ಟರಮ್ಮ ಹೇಳಿದರು. 'ಮೇಷ್ಟ್ರೇ' ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. ವಾಚನಾಲಯದ ಬಾಗಿಲು ಐದಕ್ಕೆ ತೆರೆಯುತ್ತದೆ. ಪೋಸ್ಟ್‌ಮಾಸ್ಟರರು ಮೊದಲು ಬರುವವರು. ಅವರಿಗೂ ರಕ್ತದೊತ್ತಡವಿದೆ, ಎಂದು ಮೇಷ್ಟ್ರಿಗೆ ಆಗ ನೆನಪಾಯಿತು. ನೆನಪಾದದ್ದು ಆಗಲೇ ಎಂದು ತಮಗೆ ತಾವೇ ಹೇಳಿಕೊಳ್ಳಲು ಹೊರಟು, ಅದನ್ನೂ ನಂಬಲಾರದೆ ಬಿಟ್ಟರು.

ಸೊಸೆ ಫೋನನ್ನು ಕಪಾಟಿನ ಮೇಲಿಟ್ಟು, ಮೇಷ್ಟ್ರ ಕಡೆ ನೋಡದೆ, ಅತ್ತಿಗೆಯ ಹತ್ತಿರ ಹೋಗಿ ನಿಂತಳು.

"ತಿಂದಿರಲಿಲ್ಲ ಅಂದ್ಮೇಲೆ ತಿಂದೆ ಅಂತ ಯಾಕೆ ಹೇಳಿದ್ರಿ ಅತ್ತೆ?"

ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸಿಕೊಂಡರು.

"ಇನ್ನೇನು ಮಾಡ್ಲಿ? ಇವನು ಮಾತು ನಿಲ್ಲಿಸೋ ಹಾಗಿರಲಿಲ್ಲ. ನಿನ್ನ ಅನ್ನ ಆರಿಹೋಗ್ತಿತ್ತು."